ಹಾಡ್ಯಾಡಿ ಅಳುವ ಸೀಮೆ

ಬಾಗಲಕೋಟೆ ಜಿಲ್ಲೆಯ ಮುಧೋಳ ಕಡೆಯ ಯಾವುದಾದರೂ ಒಂದು ಹಳ್ಳಿ. ಮುದುಕಿಯೊಬ್ಬಳು ತೀರಿಕೊಂಡಿದ್ದಾಳೆ. ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದಾರೆ, ಭಜನೆಯವರು ತಾಳ ಹಿಡಿದು ಕಟ್ಟೆಯ ಮೇಲೆ ಕೂತಿದ್ದಾರೆ. ಅಷ್ಟರಲ್ಲಿ ಕೊಟ್ಟ ಊರಿನಿಂದ ಮಗಳು ಬಸ್ಸಿಳಿದು ಬರುತ್ತಾಳೆ. ಅಗಸಿ ದಾಟುವವರೆಗೆ ಅವಳು ಸುಮ್ಮನಿರುತ್ತಾಳೆ. ಮನೆಯ ಬಾಗಿಲು ಕಂಡದ್ದೇ ತಡ, ದನಿ ತೆಗೆಯುತ್ತಾಳೆ: “ಯವ್ವಾ, ಪಂಚಮಿಗೆ ಬಾ ಅಂದಿದ್ದೆಲ್ಲಬೇ, ಬಂದೀನಿ ನೋಡ ಯವ್ವಾ… ಇನ್ನ ನನ್ನ ಉಡಿ ತುಂಬಿ ಕಳಸಾವ್ರ ಯಾರ ಯವ್ವಾ…”

ಇದಕ್ಕೆ ಈ ಭಾಗದ ಮಂದಿ ‘ಹಾಡ್ಯಾಡಿ ಅಳೋದು’ ಅನ್ನುತ್ತಾರೆ. ಇದು ಬರೀ ಅಳುವಲ್ಲ, ಪೂರಾ ಹಾಡೂ ಅಲ್ಲ. ಪ್ರತಿ ಮಾತೂ ‘ಯವ್ವಾ’ ಎಂಬಲ್ಲಿಗೆ ಬಂದು ಉದ್ದಕ್ಕೆ ಎಳೆದು ನಿಲ್ಲುತ್ತದೆ. ಉಸಿರು ತೆಗೆದುಕೊಳ್ಳುವುದು ಅಲ್ಲಿಯೇ. ಮುಂದಿನ ಸಾಲಿಗೆ ಮಾತು ಹೊಳೆಯುವುದೂ ಅಲ್ಲಿಯೇ. ಯಾರೂ ಕೂಡಿಸಿಕೊಂಡು ಕಲಿಸಿದ್ದಲ್ಲ, ಅಜ್ಜಿಯ ತೊಡೆಯ ಮೇಲೆ ಮಲಗಿದ್ದಾಗ ಕಿವಿಗೆ ಬಿದ್ದದ್ದು. ಕೂತ ಹೆಂಗಸರು ಒಬ್ಬೊಬ್ಬರಾಗಿ ಅವಳ ಕೊರಳಿಗೆ ಬೀಳುತ್ತಾರೆ. ಹತ್ತು ವರ್ಷದ ಹಿಂದೆ ತಮ್ಮನ್ನು ಬಿಟ್ಟುಹೋದವರ ಹೆಸರು ಹಿಡಿದು ಅವರೂ ದನಿಗೂಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಹಿರಿಯಳೊಬ್ಬಳು “ಸಾಕ ಮಾಡವಾ, ಒಂದ ಗುಟಕ ನೀರ ಕುಡಿ” ಅನ್ನುತ್ತಾಳೆ. ದನಿ ಅಲ್ಲಿಗೆ ನಿಲ್ಲುತ್ತದೆ.

ಪೇಟೆಯ ಕಣ್ಣಿಗೆ ಇದು ತೋರಿಕೆಯಾಗಿ ಕಾಣುತ್ತದೆ. ನಿಜವಾದ ದುಃಖಕ್ಕೆ ಮಾತೇ ಹೊರಡುವುದಿಲ್ಲ, ಹೀಗೆ ರಾಗ ತೆಗೆಯುವವರಿಗೆ ದುಃಖವಾಗಿರುವುದುಂಟೇ ಎಂದು ಮೂಗು ಮುರಿಯುವವರಿದ್ದಾರೆ. ಅವರು ಗಮನಿಸದ ಒಂದು ಸಂಗತಿಯಿದೆ. ಆ ಮಗಳು ‘ನನಗೆ ದುಃಖವಾಗಿದೆ’ ಎಂದು ಒಂದು ಸಲವೂ ಹೇಳಲಿಲ್ಲ. ಅವಳು ಮಾತಾಡಿದ್ದೆಲ್ಲ ತಾಯಿಯ ಜೊತೆ. ಪಂಚಮಿಯ ಮಾತು, ಉಡಿಯ ಮಾತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಈ ಸೀಮೆಯಲ್ಲಿ ಭಾವ ಮಾತಾಗುವ ದಾರಿ ಇದು: ಎದುರಿಗೊಬ್ಬರು ಬೇಕು, ಕೈಯಲ್ಲೊಂದು ವಸ್ತು ಬೇಕು. ಎದುರಿಗಿರುವವರು ಜೀವಂತ ಇರಬೇಕೆಂದೇನೂ ಇಲ್ಲ.

ಇಲ್ಲಿನ ಆಡುಮಾತನ್ನು ಕಿವಿಗೊಟ್ಟು ಕೇಳಿದರೂ ಹಾಗೆಯೇ. ‘ಪ್ರೀತಿ’ ಎಂಬ ಶಬ್ದ ಸಿನಿಮಾದಲ್ಲಿದೆ, ಲಗ್ನಪತ್ರಿಕೆಯ ‘ಪ್ರೀತಿಯ ಕರೆಯೋಲೆ’ಯಲ್ಲಿದೆ. ಮನೆಯಲ್ಲಿ ಮಾತ್ರ ‘ಭಾಳ ಜೀವಾ ಹಚಗೊಂಡಾಳ’ ಅನ್ನುತ್ತಾರೆ. ದುಃಖವಾದರೆ ‘ಕರಳ ಚುರ್ ಅಂತು’, ‘ಹೊಟ್ಟ್ಯಾಗ ಕಲಸಿಧಂಗಾತು’. ಭಾವಕ್ಕೆ ಹೆಸರಿಡುವ ಬದಲು ಮೈಯೊಳಗೆ ಅದು ಎಲ್ಲಿ, ಹೇಗೆ ಆಯಿತು ಎಂಬುದನ್ನು ಹೇಳುವ ಮಾತುಗಳು ಇವು. ‘ಅಂತಃಕರಣ’ ಎಂಬ ಶಬ್ದದ ಗತಿಯನ್ನೇ ನೋಡಬಹುದು. ಶಾಸ್ತ್ರದಲ್ಲಿ ಅದು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರಗಳೆಂಬ ಒಳಗಿನ ಸಾಧನ. ಇಲ್ಲಿಗೆ ಬಂದದ್ದೇ ಅದು ಮರುಕವಾಯಿತು, ಮಮತೆಯಾಯಿತು. ‘ಅಂವ ಅಂತಃಕರಣದ ಮನಶ್ಯಾ’ ಅಂದರೆ ವೇದಾಂತಿ ಎಂದಲ್ಲ, ಹಸಿದವರನ್ನು ಕಂಡರೆ ಕರೆದು ಉಣ್ಣಿಸುವವ ಎಂದು.

ಇನ್ನೊಂದು ಶಬ್ದ ‘ಹಳಹಳಿ’. ಕೈತಪ್ಪಿ ಹೋದದ್ದು ತಿರುಗಿ ಬಾರದು ಎಂದು ಗೊತ್ತಿದ್ದೂ ಒಳಗೊಳಗೇ ಸುಡುವ ಸ್ಥಿತಿ ಅದು. ಪಶ್ಚಾತ್ತಾಪ ಅನ್ನೋಣವೆಂದರೆ ತಪ್ಪು ಮಾಡಿರಲೇಬೇಕೆಂದಿಲ್ಲ. ವಿರಹ ಅನ್ನೋಣವೆಂದರೆ ಹೊಲ ಮಾರಿದವನಿಗೂ ಹಳಹಳಿಯಾಗುತ್ತದೆ. ಗ್ರಂಥಭಾಷೆ ಈ ಶಬ್ದವನ್ನು ಇನ್ನೂ ಹೆಚ್ಚು ಬಳಸಬಹುದಿತ್ತು.

ಹಾಡ್ಯಾಡಿ ಅಳುವುದು ಹೆಂಗಸರ ಕೆಲಸ, ಗಂಡಸು ಬಾಯಿಗೆ ಟವೆಲ್ಲು ಒತ್ತಿಕೊಂಡು ಕಟ್ಟೆಯ ಮೂಲೆಗೆ ಸರಿಯಬೇಕು ಎಂಬುದು ಊರಿನ ರೂಢಿ. ಆದರೆ ಈ ಸೀಮೆಯವನೇ ಆದ ಒಬ್ಬ ಕವಿ ಸಾವಿರ ವರ್ಷದ ಹಿಂದೆ ಗಂಡಸಿನಿಂದ, ಅದೂ ಒಬ್ಬ ಹಟಮಾರಿ ಅರಸನಿಂದ, ಹಾಡ್ಯಾಡಿ ಅಳಿಸಿದ್ದಾನೆ. ಘಟಪ್ರಭೆಯ ದಂಡೆಯ ಮುಧೋಳ ಆಗ ಮುದುವೊಳಲು. ಅಲ್ಲಿಯ ಜೈನ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರ ಹೊರಬೇಕಿದ್ದ ಹುಡುಗ ವಿದ್ಯೆಯ ಬೆನ್ನು ಹತ್ತಿ, ಚಾವುಂಡರಾಯ, ಅತ್ತಿಮಬ್ಬೆಯರ ಆಶ್ರಯ ಕಂಡು, ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಅನ್ನಿಸಿಕೊಂಡ. 993ರಲ್ಲಿ ‘ಅಜಿತಪುರಾಣ’ ಮುಗಿಸಿದ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಗದಾಯುದ್ಧ ಎಂದು ಕರೆಯುವ ‘ಸಾಹಸಭೀಮವಿಜಯ’.

ಆ ಕಾವ್ಯದ ನಾಯಕ ಭೀಮ. ಭೀಮನಿಗೆ ಹೋಲಿಸಿ ಹೊಗಳಿರುವುದು ಆಶ್ರಯದಾತ ಸತ್ಯಾಶ್ರಯನನ್ನು. ಲೆಕ್ಕದ ಪ್ರಕಾರ ಓದುವವರ ಮನಸ್ಸು ಭೀಮನ ಕಡೆ ಹರಿಯಬೇಕು. ಹಾಗಾಗುವುದಿಲ್ಲ. ಸಂಜಯನ ಕೈಹಿಡಿದು ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ತಡವರಿಸಿಕೊಂಡು ನಡೆಯುವ ಭಾಗಕ್ಕೆ ಬಂದೊಡನೆ ಕವಿಗೂ ಓದುಗನಿಗೂ ಆಶ್ರಯದಾತ ಮರೆತುಹೋಗುತ್ತಾನೆ.

ಅಲ್ಲಿ ರನ್ನ ಮಾಡಿದ್ದೇನು? ‘ದುರ್ಯೋಧನನಿಗೆ ಅಪಾರ ದುಃಖವಾಯಿತು’ ಎಂದು ವರ್ಣಿಸುತ್ತ ಕೂರಲಿಲ್ಲ. ಒಂದೊಂದು ಹೆಣದ ಮುಂದೆ ಅವನನ್ನು ನಿಲ್ಲಿಸಿ ಮಾತಾಡಿಸಿದ. ಮಗ ಲಕ್ಷಣಕುಮಾರನ ಮುಂದೆ ನಿಂತಾಗ ತಂದೆ ಕೇಳುವುದು ಲೋಕದ ಒಂದು ಕ್ರಮದ ಮಾತು. ಮಗ ತಂದೆಗೆ ನೀರು ಬಿಡಬೇಕು, ನೀನು ಅದನ್ನು ತಿರುವುಮುರುವು ಮಾಡಿದೆಯಲ್ಲ ಎಂಬ ಅಳಲು. ದುಶ್ಶಾಸನನ ಮುಂದೆ ನಿಂತಾಗ ನೆನಪಾಗುವುದು ತಾಯಿಯ ಮೊಲೆಹಾಲು. ಅಣ್ಣ ಕುಡಿದ ಮೇಲೆ ತಮ್ಮ ಕುಡಿದದ್ದು. ಎಲ್ಲದರಲ್ಲೂ ನನ್ನ ಹಿಂದೆ ಬಂದವನು ಸಾವಿನಲ್ಲಿ ಮಾತ್ರ ಮುಂದೆ ಹೋದೆಯಲ್ಲ ಎಂದು. ಹಾಲು, ನೀರು. ಕುರುಕುಲದ ಅರಸನ ದುಃಖ ಹೊರಬರಲು ಕವಿ ಹಿಡಿದದ್ದು ಬಳೆಗಾರರ ಮನೆಯಲ್ಲೂ ಇರುವ ಈ ಎರಡು ವಸ್ತುಗಳನ್ನು.

ಕರ್ಣನ ಹೆಣದೆದುರು ಮಾತು ಇನ್ನೂ ಬೇರೆ. ಅಲ್ಲಿ ಅರಸ ಗೆಳೆಯನ ಮೇಲೆ ಸಿಟ್ಟಾಗುತ್ತಾನೆ. ಯಾಕೆ ಉತ್ತರ ಕೊಡುತ್ತಿಲ್ಲ, ಯಾಕೆ ಎಂದಿನಂತೆ ಓಗೊಡುವುದಿಲ್ಲ, ನಾನೇನು ತಪ್ಪು ಮಾಡಿದೆ ಎಂದು ಪೀಡಿಸುತ್ತಾನೆ. ಕರ್ಣ ಯಾರ ಮಗನೆಂದು ಬಲ್ಲವರು ಯಾರು ಯಾರು ಎಂದು ಎಣಿಸುತ್ತಾನೆ. ಕುಂತಿ, ಕೃಷ್ಣ, ಸೂರ್ಯ, ಸಹದೇವ. ಆ ಸಾಲಿನಲ್ಲಿ ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ಇಷ್ಟು ದಿನ ಎದೆಯಲ್ಲಿಟ್ಟುಕೊಂಡ ಗುಟ್ಟು ಗೆಳೆಯ ಸತ್ತ ಮೇಲೆ ಅವನೆದುರಿಗೇ ಬಾಯಿಗೆ ಬರುತ್ತದೆ. ಕೇಳುವವನು ಕೇಳಲಾರ ಎಂದು ಖಾತ್ರಿಯಾದ ಮೇಲೆ ಮನುಷ್ಯ ಆಡುವ ಮಾತುಗಳಿವೆ. ಸಾವಿನ ಮನೆಯ ಜಗಲಿಯಲ್ಲಿ ಕೂತು ಕೇಳಿದವರಿಗೆ ಅದು ಗೊತ್ತು. ಗಂಡ ಬದುಕಿದ್ದಾಗ ಹೆಸರು ಹಿಡಿದು ಕರೆಯದ ಹೆಂಡತಿ ಅಂದು ಮಾತ್ರ ಏಕವಚನದಲ್ಲಿ ಬಯ್ಯುತ್ತಾಳೆ.

ಶತ್ರುವಿನ ಮಗ ಅಭಿಮನ್ಯುವಿನೆದುರೂ ದುರ್ಯೋಧನ ಮಾತು ನಿಲ್ಲಿಸುವುದಿಲ್ಲ. ಕೈಮುಗಿದು, ನಿನ್ನಂಥ ಸಾವು ತನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಬಿ.ಎಂ.ಶ್ರೀ. ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ಮಾರ್ಪಡಿಸಿ ದುರ್ಯೋಧನನನ್ನು ದುರಂತನಾಯಕನನ್ನಾಗಿ ಕಂಡದ್ದು ಗ್ರೀಕ್ ನಾಟಕಗಳನ್ನು ಓದಿದ ಕಣ್ಣಿನಿಂದ ಎಂದು ಹೇಳುವುದುಂಟು. ಇರಬಹುದು. ಆದರೆ ಮುಧೋಳದ ಹೆಂಗಸೊಬ್ಬಳಿಗೆ ಈ ಭಾಗವನ್ನು ಬಿಡಿಸಿ ಹೇಳಿದರೆ ಗ್ರೀಸಿನವರೆಗೆ ಹೋಗದೆಯೇ ಅದು ಯಾವ ಬಗೆಯ ಅಳು ಎಂಬುದು ಅವಳಿಗೆ ತಿಳಿಯುತ್ತದೆ.

ಹೆಣದ ಮುಂದಿನ ಅಳು ಒಂದು ದಿನದ್ದು. ದಿನನಿತ್ಯದ ಸಂಕಟಕ್ಕೆ ಎದುರಾಗಿದ್ದದ್ದು ಬೀಸುವ ಕಲ್ಲು. ಬೆಳಗಿನ ಜಾವ ಜೋಳ ಬೀಸಲು ಕೂತವಳು ಕಲ್ಲನ್ನೇ ಮಾತಾಡಿಸುತ್ತ, ತವರನ್ನು, ಅಣ್ಣನನ್ನು, ತೀರಿಕೊಂಡ ಕೂಸನ್ನು ಕರೆಯುತ್ತಿದ್ದಳು. ಹಾಡಿನ ಮಟ್ಟು ತ್ರಿಪದಿ. ಮೂರೇ ಸಾಲು. ಗೂಟ ಹಿಡಿದು ಒಂದು ಸುತ್ತು ತಿರುಗಿಸುವ ಹೊತ್ತಿಗೂ ಒಂದು ತುಂಡು ಮಾತಿಗೂ ಸರಿಹೋಗುವ ಅಳತೆ. ಸಾಲು ಮುಗಿದಲ್ಲಿ ಒಂದು ಮುಷ್ಟಿ ಕಾಳು ಕಲ್ಲಿನ ಬಾಯಿಗೆ. ಇದೇ ತ್ರಿಪದಿ ಇದೇ ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಬಂಡೆಯ ಮೇಲೆ, ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಸಾವಿರದ ಮುನ್ನೂರು ವರ್ಷದ ಹಿಂದೆಯೇ ಕೆತ್ತಿಸಿಕೊಂಡಿದೆ. ಅಲ್ಲಿ ಅದು ಒಬ್ಬ ಗಟ್ಟಿ ಗಂಡಸಿನ ಸ್ವಭಾವ ಹೊಗಳಲು ಬಳಕೆಯಾಗಿದೆ. ಗಂಡಸರು ಬಂಡೆಗೆ ಹಚ್ಚಿದ ಮಟ್ಟನ್ನು ಹೆಂಗಸರು ಬೀಸುವ ಕಲ್ಲಿಗೆ ಹಚ್ಚಿ ಇಷ್ಟು ಕಾಲ ಸವೆಯದಂತೆ ಕಾಯ್ದುಕೊಂಡು ಬಂದರು.

ಪಕ್ಕದ ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು ಈ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದಾಗ ಓದುಬರಹದ ಲೋಕ ಬೆರಗಾಯಿತು. ಅಕ್ಷರ ಬಾರದ ಕೈಗಳು ಇಂಥ ಮಾತು ಕಟ್ಟಬಲ್ಲವೇ ಎಂದು. ಧಾರವಾಡದ ಬೇಂದ್ರೆಯವರಂತೂ ಆ ಮಟ್ಟು, ಆ ಮಾತು ಎರಡನ್ನೂ ತಮ್ಮ ಕವಿತೆಯೊಳಗೆ ತೆಗೆದುಕೊಂಡರು. ಕೂಸನ್ನು ಕಳೆದುಕೊಂಡ ತಂದೆ ಹೆಂಡತಿಯ ನೋಟವನ್ನು ಎದುರಿಸಲಾರದೆ ಆಡುವ ಮಾತೊಂದು ಅವರ ಪ್ರಸಿದ್ಧ ಕವಿತೆಯಾಗಿದೆ. ಅದು ಹುಟ್ಟಿದ್ದು ಸ್ವಂತ ಮನೆಯ ಸಾವಿನಿಂದ. ಅಲ್ಲಿಯೂ ದುಃಖಕ್ಕೆ ವ್ಯಾಖ್ಯಾನವಿಲ್ಲ. ಗಂಡ, ಎದುರಿಗೆ ಹೆಂಡತಿ, ನಡುವೆ ಅವಳ ಕಣ್ಣು, ಅಷ್ಟೇ.

ಬೀಸುವ ಕಲ್ಲು ಈ ಸೀಮೆಯ ಇನ್ನೊಂದು ಹಾಡಿನಲ್ಲಿ ಇನ್ನೊಂದು ರೀತಿ ಬರುತ್ತದೆ. ಮುಧೋಳ ತಾಲೂಕಿನ ಹಲಗಲಿ. 1857ರಲ್ಲಿ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಹುಕುಂ ಬಂತು. ಹಲಗಲಿಯ ಬೇಡರು, ಹನುಮ, ಬಾಲ, ಜಡಗ, ರಾಮರ ಮುಂದಾಳುತನದಲ್ಲಿ ಒಪ್ಪಲಿಲ್ಲ. ದಂಡು ಬಂದು ಊರನ್ನು ಮುತ್ತಿತು, ಬೆಂಕಿ ಹಚ್ಚಿತು. ಸಿಕ್ಕವರಲ್ಲಿ ಹಲವರಿಗೆ ಗಲ್ಲಾಯಿತು. ಈ ಕಥೆಯನ್ನು ಕುರ್ತಕೋಟಿ ಕಲ್ಮೇಶನ ಅಂಕಿತದ ಲಾವಣಿ ಹೇಳುತ್ತದೆ. ಶಾಸನಗಳ ಬೆನ್ನು ಹತ್ತಿದ್ದ ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದಾಗ ಇದೂ ಅದರಲ್ಲಿತ್ತು. ಊರು ಸುಟ್ಟ ಸರ್ಕಾರದ ನೌಕರನೇ ಊರು ಸುಟ್ಟ ಹಾಡನ್ನು ಕಾಪಿಟ್ಟ.

ಲಾವಣಿಕಾರ ಕಾಳಗವನ್ನು ಅಬ್ಬರದಿಂದಲೇ ಹೇಳುತ್ತಾನೆ. ಕೊನೆಗೆ ಲೂಟಿಯ ಭಾಗ ಬರುತ್ತದೆ. ಆಗ ಅವನು ಅಳುವುದಿಲ್ಲ, ಯಾದಿ ಓದುತ್ತಾನೆ. ಕೊಡಲಿ, ಕಬ್ಬಿಣದ ಸಾಮಾನು, ಹಾಲುಮೊಸರು, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲ, ಗಂಗಾಳ, ಚರಿಗೆ ಎಂದು ಒಂದೊಂದಾಗಿ. ಆ ಸಾಲಿನಲ್ಲಿಯೇ ಮಂಗಳಸೂತ್ರವೂ ಬರುತ್ತದೆ, ಬೀಸುವ ಕಲ್ಲೂ ಬರುತ್ತದೆ. ಜೀರಿಗೆಯ ಜೊತೆಗೆ ಮಂಗಳಸೂತ್ರ. ಬೇಕೆಂದೇ ಹಾಗೆ ಇಟ್ಟನೋ, ಪ್ರಾಸ ಎಳೆದುಕೊಂಡು ಬಂತೋ, ಕೇಳುವವನ ಎದೆ ಮಾತ್ರ ಅಲ್ಲಿ ಒಂದು ಸಲ ನಿಲ್ಲುತ್ತದೆ. ದೊಡ್ಡದೂ ಸಣ್ಣದೂ ಒಂದೇ ದನಿಯಲ್ಲಿ ಎಣಿಸಿದ್ದಕ್ಕೇ ಅದು ಅಷ್ಟು ಆಳಕ್ಕೆ ಇಳಿಯುತ್ತದೆ. ಹತ್ತನೆಯ ತರಗತಿಯ ಹುಡುಗರು ಈ ಲಾವಣಿಯನ್ನು ಪಠ್ಯದಲ್ಲಿ ಓದಿದ್ದಾರೆ. ಸ್ವಾತಂತ್ರ್ಯ ಹೋರಾಟದ ಪಾಠವೆಂದು ಓದಿಸುವುದು ಸರಿಯೇ. ಒಂದು ಸಂಸಾರ ಬರಿದಾದದ್ದನ್ನು ಹೇಳುವ ಹಾಡೆಂದೂ ಒಮ್ಮೆ ಓದಿಸಬೇಕು.

ಬೀಳಗಿ ತಾಲೂಕಿನ ಕೃಷ್ಣೆಯ ದಂಡೆಗೆ ಹೋದರೆ ಇಂಥದೇ ಯಾದಿ ಇಂದೂ ಕೇಳಸಿಗುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರು ಅವರು. ‘ಮುಳುಗಡೆ’ ಎಂಬ ಶಬ್ದ ಈ ಭಾಗದಲ್ಲಿ ಕಾಲವನ್ನೇ ಎರಡು ಮಾಡಿದೆ: ಮುಳುಗಡೆಗಿಂತ ಮುಂಚೆ, ಮುಳುಗಡೆಯಾದ ಮೇಲೆ. ಪುನರ್ವಸತಿ ಕೇಂದ್ರದ ಕಟ್ಟೆಯ ಮೇಲೆ ಕೂತ ಹಿರಿಯರನ್ನು ‘ಊರು ಬಿಡುವಾಗ ಹೇಗನ್ನಿಸಿತು?’ ಎಂದು ಕೇಳಿದರೆ “ಏನನಸ್ತೈತ್ರಿ” ಎಂದು ಮಾತು ಮುಗಿಸುತ್ತಾರೆ. ‘ಮನೆ ಎಷ್ಟು ಖಣದ್ದು?’ ಎಂದು ಕೇಳಿದರೆ ಮಾತು ಹರಿಯುತ್ತದೆ. ಇಷ್ಟು ಖಣ, ಎರಡು ಹಗೇವು, ಹಿತ್ತಲಲ್ಲಿ ಹುಣಸಿ, ಬಾಗಿಲಿಗೆ ಬೇವು. ಪರಿಹಾರದ ಪಂಚನಾಮೆಗೆ ಬರೆಸಿದ ಲೆಕ್ಕವೇ ಅದು. ಎಷ್ಟೋ ಸಲ ಹೇಳಿ ಹೇಳಿ ಅದಕ್ಕೊಂದು ಲಯವೂ ಬಂದಿರುತ್ತದೆ.

ಮೊಹರಂ ತಿಂಗಳಲ್ಲಿ ಈ ಊರುಗಳ ಅಲಾಯಿ ಕುಣಿಯ ಸುತ್ತ ಕೇಳುವ ರಿವಾಯತ್ ಪದಗಳದ್ದು ಬೇರೊಂದು ಬೆರಗು. ಅರಬರ ನಾಡಿನ ಕರ್ಬಲೆಯ ಮರುಭೂಮಿಯಲ್ಲಿ 680ರಲ್ಲಿ ನಡೆದ ಸಾವುಗಳಿಗೆ ಇಲ್ಲಿ ಅಚ್ಚ ಜವಾರಿ ಕನ್ನಡದಲ್ಲಿ ಅಳುತ್ತಾರೆ. ಹಾಡುವ ಮೇಳದಲ್ಲಿ ಹಿಂದೂಗಳೂ ಇರುತ್ತಾರೆ. ಅಲ್ಲಿ ಮಡಿದ ಹುಸೇನರ ತಾಯಿಗೂ ಪಕ್ಕದ ಓಣಿಯ ತಾಯಿಗೂ ಒಂದೇ ಮಾತು, ಒಂದೇ ಮಟ್ಟು. ಯಾರದೋ ದುಃಖವನ್ನು ತನ್ನ ಬಾಯಿಗೆ ತಂದುಕೊಳ್ಳುವ ಅಭ್ಯಾಸ ಇಲ್ಲಿಯ ಕೊರಳುಗಳಿಗೆ ಹಳೆಯದು.

ಇದುವರೆಗೆ ಅಳುವಿನ ಮಾತೇ ಹೆಚ್ಚಾಯಿತು. ಒಲವಿನ ಮಾತು ಎಲ್ಲಿ? ಅದು ಇನ್ನೂ ನಾಚಿಕೆಯದು. ಸ್ವಂತ ಬಾಯಿಂದ ಅದನ್ನು ಆಡುವುದು ಈ ಕಡೆ ಕಷ್ಟ. ಅದಕ್ಕೇ ಬೇರೆಯವರ ಬಾಯಿ ಬೇಕಾಯಿತು, ಅದನ್ನು ಆಟದವರು ಒದಗಿಸಿದರು. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಬಯಲಿಗಿಳಿಸಿದ ಶ್ರೀಕೃಷ್ಣ ಪಾರಿಜಾತ ಘಟಪ್ರಭೆಯ ಎರಡೂ ದಂಡೆಯಲ್ಲಿ ಬೆಳಗಿನವರೆಗೆ ನಡೆಯುತ್ತದೆ. ಕಥೆ ಇಷ್ಟೇ: ದೇವಲೋಕದ ಹೂ ರುಕ್ಮಿಣಿಗೆ ಹೋಯಿತು, ಸತ್ಯಭಾಮೆ ಮುನಿಸಿಕೊಂಡಳು. ಆ ಒಂದು ಹೂವಿನ ಸುತ್ತ ಇಡೀ ರಾತ್ರಿ.

ಭಾಮೆ ಎತ್ತರದ ದನಿಯಲ್ಲಿ, ಗ್ರಂಥಸ್ಥ ಕನ್ನಡದಲ್ಲಿ ವಿರಹ ಹೇಳಿಕೊಳ್ಳುತ್ತಾಳೆ. ಪಕ್ಕದಲ್ಲಿ ನಿಂತ ಭಾಗವತ ಅದನ್ನು ಕೇಳಿ ಊರ ಮಾತಿನಲ್ಲಿ ಕಾಡುತ್ತಾನೆ. “ಯಾವೂರವ್ವಾ ನೀ? ಯಾರ ಮನಿ ಸೊಸಿ? ಇಷ್ಟ್ಯಾಕ ಸಿಟ್ಟ?” ಎಂಬ ಧಾಟಿಯಲ್ಲಿ ಅವನು ಕೆಣಕುತ್ತ ಹೋದಂತೆ ರಾಣಿಯ ಒಳಗಿನದು ಒಂದೊಂದೇ ಪದರ ಹೊರಬರುತ್ತದೆ. ಜನ ನಗುತ್ತಾರೆ, ಅದೇ ಉಸಿರಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಭಾಗವತನಿಲ್ಲದಿದ್ದರೆ ಭಾಮೆಯ ವಿರಹ ಬರೀ ಅಲಂಕಾರವಾಗುತ್ತಿತ್ತು. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಈ ಆಟಕ್ಕೆ ಬಂದ ಮೇಲೆ ಗಂಡಸರು ಸೀರೆಯುಟ್ಟು ಆಡುತ್ತಿದ್ದ ಹೆಣ್ಣಿನ ಮಾತು ಹೆಣ್ಣಿನ ಕೊರಳಿಗೇ ಬಂತು.

ಪಾರಿಜಾತದ ಪ್ರೇಮ ಗಂಡಹೆಂಡಿರದು, ಬೆಳಗಾಗುವಷ್ಟರಲ್ಲಿ ಸರಿಹೋಗುವಂಥದು. ಸರಿಹೋಗದ ಪ್ರೇಮಕ್ಕೆ ಸಣ್ಣಾಟವಿತ್ತು. ಬೈಲಹೊಂಗಲದ ಸಂಗ್ಯಾ ಗೆಳೆಯ ಈರಪ್ಪನ ಹೆಂಡತಿ ಗಂಗಿಗೆ ಮನಸೋತದ್ದು, ಇನ್ನೊಬ್ಬ ಗೆಳೆಯ ಬಾಳ್ಯಾ ಅದಕ್ಕೆ ಕೈಗೂಡಿಸಿದ್ದು, ಕೊನೆಗೆ ಸಂಗ್ಯಾ ಕೊಲೆಯಾದದ್ದು. ಇದರ ಲಾವಣಿಯೂ ಫ್ಲೀಟ್ ಸಂಗ್ರಹದಲ್ಲಿತ್ತು. ಆಟವಾಗಿ ಅದು ಊರೂರು ತಿರುಗಿತು. ಚಂದ್ರಶೇಖರ ಕಂಬಾರರ ಕೈಯಲ್ಲಿ ಹೊಸ ನಾಟಕವಾಯಿತು. ಹಾದರದ ಕಥೆಯೆಂದು ಹಿರಿಯರು ಬಯ್ದರೂ ಆಟದ ದಿನ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದವರು ಅವರೇ. ನೀತಿ ಹೇಳಲು ಹೊರಟ ಕಥೆಯೊಳಗೆ ಗಂಗಿಯ ಬಯಕೆಗೆ ಅಷ್ಟು ಒಳ್ಳೆಯ ಮಟ್ಟು ಕೊಟ್ಟವರ ಮನಸ್ಸು ಯಾರ ಕಡೆಗಿತ್ತು ಎಂದು ಕೇಳಬೇಕಾಗಿಲ್ಲ.

ಇನ್ನು ಜಮಖಂಡಿ. ಪಟವರ್ಧನರ ಸಂಸ್ಥಾನದ ಊರು, ಮರಾಠಿ ಕನ್ನಡ ಎರಡೂ ಓಡಾಡಿದ ಓಣಿಗಳು. 1886ರಲ್ಲಿ ಇಲ್ಲಿ ಹುಟ್ಟಿ, ಇಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿದ ಗುರುದೇವ ರಾನಡೆ ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಗಳಾಗಿ ಹೆಸರಾದರು. ಮನೆಮಾತು ಮರಾಠಿಯಾದ ಈ ಪಂಡಿತರು ಬದುಕಿನ ಕೊನೆಯ ಹೊತ್ತಿಗೆ ಕನ್ನಡದ ಭಕ್ತಿಪದಗಳಿಗೆ ಮರಳಿದರು. ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ಅವರು ನೀಡಿದ ಉಪನ್ಯಾಸಗಳು, ಅವರು ತೀರಿಕೊಂಡು ಮೂರು ವರ್ಷದ ಮೇಲೆ, 1960ರಲ್ಲಿ ‘ಪಾತ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್’ ಎಂಬ ಇಂಗ್ಲಿಷ್ ಪುಸ್ತಕವಾಗಿ ಬಂದವು. ಅದರ ಜೋಡಣೆ ವಿಶೇಷವಾದದ್ದು. ಯಾವ ಶತಮಾನದ ಪದ, ಯಾವ ಪಂಥದ್ದು ಎಂಬ ಕ್ರಮವನ್ನು ಅವರು ಬದಿಗಿಟ್ಟರು. ಸಾಧಕನ ಮನಸ್ಸು ಯಾವ ಹಂತದಲ್ಲಿದ್ದಾಗ ಯಾವ ಪದ ಹುಟ್ಟುತ್ತದೆ ಎಂದು ನೋಡಿ ದಾಸರನ್ನೂ ಶರಣರನ್ನೂ ಪಕ್ಕಪಕ್ಕ ಕೂಡಿಸಿದರು. ಸಾಹಿತ್ಯ ಚರಿತ್ರೆಕಾರರಿಗೆ ಇದು ಒಪ್ಪಿಗೆಯಾಗದೆ ಹೋಗಬಹುದು. ಭಾವದ ಬೆನ್ನು ಹತ್ತಿದವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಅದೇ ತಾಲೂಕಿನ ಕಲ್ಲಹಳ್ಳಿಯಲ್ಲಿ, ಕೃಷ್ಣೆಯ ಹತ್ತಿರ, ಇನ್ನೊಬ್ಬರಿದ್ದರು. ಬೀಳಗಿ ತಾಲೂಕಿನ ಗಲಗಲಿಯಿಂದ ಬಂದ ಸತ್ಯಕಾಮ. ದೇಶವೆಲ್ಲ ತಿರುಗಿ, ತಂತ್ರಸಾಧನೆಯ ಒಳಹೊರಗನ್ನು ‘ಪಂಚ “ಮ”ಗಳ ನಡುವೆ’ಯಂಥ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದವರು, ಕೊನೆಗೆ ಇಲ್ಲಿ ಗಿಡ ನೆಟ್ಟುಕೊಂಡು ಕೂತರು. 1998ರಲ್ಲಿ ತೀರಿಕೊಂಡರು. ಆ ತೋಟದ ಹೆಸರು ‘ಸುಮ್ಮನೆ’.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಸುಮ್ಮನಿರುವುದೂ ಕಷ್ಟ, ಮಾತಾಡುವುದೂ ಕಷ್ಟ. ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಎಸೆಯುವವನಿಗೆ ಹಾಡಲು ಎಡೆಯಿತ್ತು, ಪಕ್ಕದಲ್ಲಿ ಕಂಡಿಕೆ ಸುತ್ತುವವಳಿಗೆ ದನಿಗೂಡಿಸಲೂ ಎಡೆಯಿತ್ತು. ಪಾವರ್‌ಲೂಮಿನ ಶೆಡ್ಡಿನಲ್ಲಿ ಮಗ್ಗಗಳ ಖಟಪಟ ಕಿವಿಗಡಚಿಕ್ಕುತ್ತದೆ. ಅಲ್ಲಿ ಗಂಡಹೆಂಡತಿ ಮಾತಾಡುವುದು ಕಣ್ಣಲ್ಲಿ, ಕೈಸನ್ನೆಯಲ್ಲಿ. ಎಳೆ ಹರಿದರೆ ಅವನು ಬೆರಳೆತ್ತುತ್ತಾನೆ. ಚಹಾ ಬಂದರೆ ಅವಳು ಹುಬ್ಬೆತ್ತುತ್ತಾಳೆ. ಕರೆಂಟು ಹೋದಾಗ ಇಡೀ ಓಣಿ ಒಮ್ಮೆಲೇ ಗಪ್ಪಾಗುತ್ತದೆ. ಆಗ ಎಲ್ಲರೂ ಹೊರಗೆ ಬಂದು, ಬೇಕಾದ್ದಕ್ಕಿಂತ ಜೋರಾಗಿ, ಮಾತಿಗೆ ಶುರುಮಾಡುತ್ತಾರೆ.

ಹೊಸ ಹುಡುಗರ ಎದೆನೋವು ಈಗ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಹೋಗುತ್ತಿದೆ. ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರುಗಳ ಸಾಲು. ಒಂದೊಂದರ ಮೇಲೂ ಮೈಲು ದೂರ ಕೇಳುವ ಸ್ಪೀಕರು, ಅದರಲ್ಲಿ ಡಿಜೆ ಜಾನಪದ. ಮಾವನ ಮಗಳು ನೌಕರಿಯವನನ್ನು ಮದುವೆಯಾದ ಹಾಡು, ಜಾತ್ರೆಯಲ್ಲಿ ಕಂಡು ಕಾಣದಂತೆ ಹೋದವಳ ಹಾಡು. ಪ್ರಾಸ ಒರಟು, ಒಂದು ಮಟ್ಟಿಗೆ ಹತ್ತು ಹಾಡು, ಕೆಲವಂತೂ ಹೆಣ್ಣನ್ನು ಬಯ್ಯುವುದಕ್ಕೇ ಕಟ್ಟಿದವು. ಅವುಗಳನ್ನು ಎತ್ತಿಹಿಡಿಯಬೇಕಾಗಿಲ್ಲ. ಆದರೂ ಕಟ್ಟಿದ ರೀತಿ ಹಳೆಯದೇ. ಎದುರಿಗೆ ಒಬ್ಬಳು ‘ಗೆಳತಿ’, ಕೈಯಲ್ಲಿ ಒಂದು ವಸ್ತು: ಬಳೆ, ಕರ್ಚೀಫು, ಈಗೀಗ ಬ್ಲಾಕ್ ಮಾಡಿದ ಫೋನ್ ನಂಬರು.

ರಾತ್ರಿ ಹತ್ತರ ಮೇಲೆ ಸಕ್ಕರೆ ಕಾರ್ಖಾನೆಯ ಮುಂದೆ ಪಾಳಿ ಹಚ್ಚಿ ನಿಂತ ಆ ಗಾಡಿಗಳಲ್ಲಿ ಒಬ್ಬ ಡ್ರೈವರ್ ಹಾಡಿನ ದನಿ ಇಳಿಸುತ್ತಾನೆ. ಮನೆಯಿಂದ ಫೋನು. “ಹೂಂ… ಇನ್ನ ಇಪ್ಪತ್ತ ಗಾಡಿ ಅದಾವ ಮುಂದ… ನೀ ಉಂಡೇನ?… ಕೂಸ ಮಲಗೇತೇನ?… ಹಂಗಾರ ಬಾಗಲಾ ಹಾಕ್ಕೊ.” ಇಷ್ಟು ಹೇಳಿ ಫೋನು ಕಿಸೆಗೆ ಹಾಕುತ್ತಾನೆ. ಮುಂದಿನ ಗಾಡಿ ಒಂದು ಮಾರು ಸರಿಯುತ್ತದೆ. ಅವನು ತನ್ನದನ್ನು ಚಾಲೂ ಮಾಡಿ, ಬೇರೆ ಹಾಡು ಹಚ್ಚುತ್ತಾನೆ.